ಗೇಮರ್‌ಗಳು ಸಿಟ್ಟಾದರೆ ಗೇಮ್‌ನ ಕೊನೆ ಬದಲಿಸಬೇಕೇ?

ಕೆನಡಾದ ಎಡ್ಮಂಟನ್‌ನ ಬಯೋವೇರ್ ಸ್ಟುಡಿಯೋ 2012ರ ಮಾರ್ಚ್ 6ರಂದು 'ಮಾಸ್ ಎಫೆಕ್ಟ್ 3' ಬಿಡುಗಡೆ ಮಾಡಿತು. 2007ರಲ್ಲಿ ಶುರುವಾದ ಕಮಾಂಡರ್ ಶೆಪರ್ಡ್ ಕಥೆಗೆ ಅದು ಮೂರನೆಯ ಮತ್ತು ಕೊನೆಯ ಕಂತು. ಐವತ್ತು ಸಾವಿರ ವರ್ಷಕ್ಕೊಮ್ಮೆ ಬಂದು, ಮುಂದುವರಿದ ಜೀವಿಗಳನ್ನೆಲ್ಲ ಕೊಯ್ದುಕೊಂಡು ಹೋಗುವ ರೀಪರ್‌ಗಳೆಂಬ ದೈತ್ಯ ಯಂತ್ರಗಳನ್ನು ತಡೆಯುವುದು ಶೆಪರ್ಡ್ ಕೆಲಸ. ಗೇಮ್ ಚೆನ್ನಾಗಿದೆ ಎಂದವರೇ ಅದರ ಕೊನೆಯ ಹತ್ತು ನಿಮಿಷ ನೋಡಿ ರೊಚ್ಚಿಗೆದ್ದರು. 'ರೀಟೇಕ್ ಮಾಸ್ ಎಫೆಕ್ಟ್' ಎಂಬ ಹೆಸರಿನಲ್ಲಿ ಒಟ್ಟಾದರು. ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ, ಗೇಮ್ ಒದಗಿಸುವ ಚೈಲ್ಡ್ಸ್ ಪ್ಲೇ ಸಂಸ್ಥೆಗೆ 80,000 ಡಾಲರ್‌ನಷ್ಟು ಹಣ ಎತ್ತಿ ತಮ್ಮ ಮಾತಿಗೆ ತೂಕ ತಂದರು. ಬಯೋವೇರ್ ಆಫೀಸಿಗೆ ಕೆಂಪು, ನೀಲಿ, ಹಸಿರು ಕ್ರೀಮ್ ಹಚ್ಚಿದ ನಾನೂರು ಕಪ್‌ಕೇಕ್ ಕಳಿಸಿದರು. ಬಣ್ಣ ಮೂರು, ಒಳಗಿನ ರುಚಿ ಒಂದೇ. ಗೇಮ್‌ನ ಮೂರು ಎಂಡಿಂಗ್‌ಗಳ ಬಗ್ಗೆ ಅವರ ದೂರೂ ಅದೇ ಆಗಿತ್ತು.

ಎರಡು ವಾರ ಕಳೆಯುವಷ್ಟರಲ್ಲಿ ಬಯೋವೇರ್ ಸ್ಥಾಪಕರಲ್ಲೊಬ್ಬರಾದ ರೇ ಮುಜಿಕಾ ಬಹಿರಂಗ ಪತ್ರ ಬರೆದರು. ಜೂನ್ 26ರಂದು 'ಎಕ್ಸ್‌ಟೆಂಡೆಡ್ ಕಟ್' ಬಂತು. ಅದೇ ಮೂರು ಎಂಡಿಂಗ್, ಆದರೆ ಹಿಗ್ಗಿಸಿ, ತಿದ್ದಿ, ಬಿಟ್ಟಿದ್ದನ್ನು ತುಂಬಿಸಿ, ಉಚಿತವಾಗಿ ಕೊಟ್ಟರು. ಕೊಟ್ಟಿದ್ದು ಸರಿಯೇ? ಈ ಪ್ರಶ್ನೆಗೆ ಇಲ್ಲಿ ಎರಡು ಉತ್ತರಗಳಿವೆ. ಎರಡರಲ್ಲೂ ಹಲವು ಗೇಮ್‌ಗಳ ಕೊನೆ ಬಯಲಾಗಿದೆ. ಇನ್ನೂ ಆಡಬೇಕೆಂದಿರುವವರು ಆಡಿ ಬಂದು ಓದಿ.

ಪರ: ಬದಲಿಸಬೇಕು

ನನ್ನ ಉತ್ತರ ಹೌದು. ಎಲ್ಲ ಗೇಮ್‌ಗೂ ಅಲ್ಲ. ನಾಯಕ ಸತ್ತ, ನನಗೆ ಬೇಜಾರಾಯಿತು, ಬದುಕಿಸಿ ಎಂದು ಯಾರಾದರೂ ಕೇಳಿದರೆ ನಾನು ಅವರ ಜೊತೆ ನಿಲ್ಲುವುದಿಲ್ಲ. ಆದರೆ "ನಿನ್ನ ತೀರ್ಮಾನದಂತೆ ಕಥೆ ನಡೆಯುತ್ತದೆ" ಎಂದು ಐದು ವರ್ಷ ಹೇಳಿಕೊಂಡು ಬಂದ ಗೇಮ್, ಕೊನೆಗೆ ಆ ತೀರ್ಮಾನಗಳ ಕಡೆ ತಿರುಗಿಯೂ ನೋಡದಿದ್ದರೆ ಅದು ಕೊಟ್ಟ ಮಾತಿಗೆ ತಪ್ಪಿದ ಹಾಗೆ. ತಪ್ಪಿದವರೇ ಸರಿಮಾಡಿಕೊಡಬೇಕು.

ಮಾಸ್ ಎಫೆಕ್ಟ್ ಆಡದವರಿಗೆ ಒಂದು ವಿಷಯ ಹೇಳಲೇಬೇಕು. ಇದರಲ್ಲಿ ಒಂದು ಗೇಮ್‌ನ ಸೇವ್ ಫೈಲ್, ಅಂದರೆ ನಾವು ಆಡಿದ್ದರ ದಾಖಲೆ, ಮುಂದಿನ ಗೇಮ್‌ಗೆ ಹೋಗುತ್ತದೆ. 2007ರಲ್ಲಿ ನೀವು ಒಂದು ಪಾತ್ರವನ್ನು ಸಾಯಲು ಬಿಟ್ಟಿದ್ದರೆ 2010ರ ಎರಡನೇ ಭಾಗದಲ್ಲಿ ಅವರು ಇರುವುದಿಲ್ಲ, 2012ರಲ್ಲೂ ಇರುವುದಿಲ್ಲ. ಅವರ ಜಾಗದಲ್ಲಿ ಬೇರೆ ಯಾರೋ ಇರುತ್ತಾರೆ, ಬೇರೆ ಮಾತಾಡುತ್ತಾರೆ. ರಾಕ್ನಿ ಎಂಬ ಕೀಟದಂಥ ಜೀವಿಗಳ ರಾಣಿಯನ್ನು ಕೊಂದಿರಾ, ಬಿಟ್ಟಿರಾ, ಅದೂ ನೆನಪಿರುತ್ತದೆ. ನನ್ನ ಶೆಪರ್ಡ್ ಹೆಂಗಸು. ಅವಳ ಮುಖ ಮಾಡಿದ್ದು ನಾನು, ಯಾರ ಜೊತೆ ಸ್ನೇಹ, ಯಾರ ಜೊತೆ ಜಗಳ ಎಂದು ಗೊತ್ತು ಮಾಡಿದ್ದೂ ನಾನು. ಪಕ್ಕದ ಮನೆ ಹುಡುಗ ಆಡಿದ ಶೆಪರ್ಡ್ ಬೇರೆಯೇ ಮನುಷ್ಯ. ಹೀಗೆ ಕಥೆ ಕಟ್ಟುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತು. ಬಯೋವೇರ್‌ನವರು ಅದನ್ನು ಮಾಡಿ ತೋರಿಸಿದ್ದರು. ಅದಕ್ಕೇ ಕೊನೆಯಲ್ಲಿ ಅಷ್ಟು ಸಿಟ್ಟು ಬಂದಿದ್ದು.

ಎಷ್ಟು ಚೆನ್ನಾಗಿ ಮಾಡಿದ್ದರು ಅನ್ನುವುದಕ್ಕೆ ಮೂರನೇ ಭಾಗದ ತುಚಾಂಕಾ ಗ್ರಹ ನೋಡಿ. ಕ್ರೋಗನ್ ಜನಾಂಗದ ಮೇಲೆ ಹಿಂದೆ ಯಾವಾಗಲೋ ಒಂದು ರೋಗ ಹರಿಯಬಿಟ್ಟಿದ್ದಾರೆ. ಸಾವಿರ ಬಸುರಿನಲ್ಲಿ ಒಂದು ಮಗು ಉಳಿದರೆ ಹೆಚ್ಚು. ಆ ರೋಗವನ್ನು ಕಾಲಕ್ಕೆ ತಕ್ಕಂತೆ ಮತ್ತೆ ಬಲಪಡಿಸಿದವರಲ್ಲಿ ಮೊರ್ಡಿನ್ ಎಂಬ ವಿಜ್ಞಾನಿಯೂ ಒಬ್ಬ. ಈಗ ಅವನೇ ಔಷಧಿ ಕಂಡುಹಿಡಿದಿದ್ದಾನೆ. ಕುಸಿಯುತ್ತಿರುವ ಗೋಪುರ ಹತ್ತಿ ಅದನ್ನು ಗಾಳಿಗೆ ಬಿಡಬೇಕು. ಹತ್ತಿದವನು ಇಳಿದು ಬರುವುದಿಲ್ಲ. "ನಾನೇ ಆಗಬೇಕು, ಬೇರೆಯವರಾದರೆ ತಪ್ಪು ಮಾಡಬಹುದು" ಎಂದು ಹೇಳಿ ಲಿಫ್ಟ್ ಹತ್ತುತ್ತಾನೆ. ಹಾಡು ಗುನುಗುತ್ತಲೇ ಕೆಲಸ ಮುಗಿಸುತ್ತಾನೆ. ಇದು ನಾನು ಕಂಡ ದೃಶ್ಯ. ನೀವು ಕಾಣುವುದು ಬೇರೆ ಇರಬಹುದು. ಔಷಧಿ ಕೆಲಸ ಮಾಡದಂತೆ ತಡೆಯಲು ಒಪ್ಪಿಕೊಂಡು ಅವನ ಬೆನ್ನಿಗೆ ಗುಂಡು ಹೊಡೆಯಬಹುದು. ಆಗ ಕ್ರೋಗನ್ ನಾಯಕ ರೆಕ್ಸ್ ಬದುಕಿದ್ದರೆ ಮೋಸ ತಿಳಿದು ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ. ಮೊದಲ ಗೇಮ್‌ನಲ್ಲಿ ರೆಕ್ಸ್ ಸತ್ತಿದ್ದು, ಎರಡನೆಯದರಲ್ಲಿ ಸಂಶೋಧನೆಯ ಮಾಹಿತಿ ಅಳಿಸಿದ್ದು, ಈವ್ ಎಂಬ ಕ್ರೋಗನ್ ಹೆಂಗಸು ಉಳಿಯದಿದ್ದರೆ ಮಾತ್ರ ಮೊರ್ಡಿನ್‌ನನ್ನು ಮಾತಲ್ಲೇ ಒಪ್ಪಿಸಿ ಬದುಕಿಸಿಕೊಳ್ಳಬಹುದು. ಮೂರು ಗೇಮ್‌ನ ಮೂರು ತೀರ್ಮಾನ ಒಂದು ಲಿಫ್ಟ್ ಬಾಗಿಲ ಮುಂದೆ ಬಂದು ಸೇರುತ್ತವೆ. ಅಲ್ಲಿ ಆಗಿದ್ದು ಕೊನೆಯಲ್ಲಿ ಆಗಲಿಲ್ಲ.

ಇನ್ನೊಂದು ರ‍್ಯಾನಕ್ ಗ್ರಹ. ಗೆತ್ ಎಂಬ ಯಂತ್ರಗಳು, ಅವನ್ನು ಸೃಷ್ಟಿಸಿದ ಕ್ವಾರಿಯನ್ನರು, ಇಬ್ಬರದೂ ಮುನ್ನೂರು ವರ್ಷದ ಹಗೆ. ನೀವು ಮೊದಲಿನಿಂದ ಹುಷಾರಾಗಿ ಆಡಿದ್ದರೆ ಇಬ್ಬರನ್ನೂ ಉಳಿಸಬಹುದು. ಸುಲಭ ಅಲ್ಲ. ಹಿಂದಿನ ಗೇಮ್‌ನ ಹಲವು ತೀರ್ಮಾನ ಕೂಡಿಬರಬೇಕು. ಲೀಜನ್ ಎಂಬ ಗೆತ್, ಯಾವತ್ತೂ "ನಾವು" ಎಂದೇ ಮಾತಾಡುತ್ತಿದ್ದವನು, ಸಾಯುವ ಮೊದಲು ಕ್ವಾರಿಯನ್ ಜೊತೆಗಾರ್ತಿ ಟಾಲಿ ಹತ್ತಿರ "ನಾನು" ಅನ್ನುತ್ತಾನೆ. ಯಂತ್ರ ಮತ್ತು ಮನುಷ್ಯ ಒಟ್ಟಿಗೆ ಬಾಳಬಹುದು ಎಂದು ನಾನು ಕೈಯಾರೆ ತೋರಿಸಿದ್ದೆ.

ಅದಾಗಿ ಕೆಲವು ಗಂಟೆ ಆಡಿದ ಮೇಲೆ ಕೊನೆ ಬರುತ್ತದೆ. ಗಾಯಗೊಂಡ ಶೆಪರ್ಡ್‌ಳನ್ನು ಮೇಲಕ್ಕೆ ಎತ್ತಿಕೊಂಡು ಹೋಗುತ್ತಾರೆ. ಅಲ್ಲಿ ಚಿಕ್ಕ ಹುಡುಗನ ರೂಪದಲ್ಲಿ ಕ್ಯಾಟಲಿಸ್ಟ್ ಎಂಬ ಬುದ್ಧಿ ಕಾಣಿಸಿಕೊಳ್ಳುತ್ತದೆ. ಅದು ಹೇಳುತ್ತದೆ: ಜೀವಿಗಳು ಯಂತ್ರ ಮಾಡುತ್ತವೆ, ಯಂತ್ರ ತಿರುಗಿಬೀಳುತ್ತದೆ, ಯಾವಾಗಲೂ ಹೀಗೇ, ಅದನ್ನು ತಪ್ಪಿಸಲೆಂದೇ ರೀಪರ್‌ಗಳು. ನಾನು ಪರದೆ ಮುಂದೆ ಕಾಯುತ್ತಿದ್ದೆ. ಈಗ ಶೆಪರ್ಡ್ ಬಾಯಿ ಬಿಡುತ್ತಾಳೆ, ರ‍್ಯಾನಕ್‌ನಲ್ಲಿ ಏನಾಯಿತು ನೋಡು ಅನ್ನುತ್ತಾಳೆ ಎಂದು. ಅನ್ನಲಿಲ್ಲ. ಅನ್ನುವ ಆಯ್ಕೆಯೇ ಕೊಟ್ಟಿರಲಿಲ್ಲ. ಎದುರಿಗಿದ್ದ ಮಾತು ಸುಳ್ಳು ಎಂಬುದಕ್ಕೆ ಸಾಕ್ಷಿ ನನ್ನ ಸೇವ್ ಫೈಲ್‌ನಲ್ಲೇ ಇತ್ತು. ಗೇಮ್‌ಗೂ ಅದು ಗೊತ್ತಿತ್ತು. ಎಡಕ್ಕೆ ನೀಲಿ, ಬಲಕ್ಕೆ ಕೆಂಪು, ನಡುವೆ ಹಸಿರು. ರೀಪರ್‌ಗಳನ್ನು ಹತೋಟಿಗೆ ತಗೋ, ನಾಶ ಮಾಡು, ಇಲ್ಲವೇ ಜೀವ-ಯಂತ್ರ ಎರಡನ್ನೂ ಬೆಸೆದುಬಿಡು. ಯಾವುದಾದರೂ ಒಂದರ ಕಡೆ ನಡೆ. ನಡೆದ ಮೇಲೆ ಬರುವ ವಿಡಿಯೋಗಳಲ್ಲಿ ಮುಖ್ಯ ವ್ಯತ್ಯಾಸ ಸ್ಫೋಟದ ಬಣ್ಣ.

ಬಿಡುಗಡೆಗೆ ಮುಂಚೆ ನಿರ್ದೇಶಕ ಕೇಸಿ ಹಡ್ಸನ್ ಒಂದು ಸಂದರ್ಶನದಲ್ಲಿ, ನಿನಗೆ ಎ ಬಂತಾ, ಬಿ ಬಂತಾ, ಸಿ ಬಂತಾ ಎಂದು ಎಣಿಸುವಂಥ ಎಂಡಿಂಗ್ ಇದಲ್ಲ ಅನ್ನುವ ಅರ್ಥದ ಮಾತಾಡಿದ್ದರು. ಬಂದಿದ್ದು ಸರಿಯಾಗಿ ಅದೇ ಎ, ಬಿ, ಸಿ.

ಇಷ್ಟರ ಮೇಲೆ ಕಥೆಯ ಲೆಕ್ಕವೂ ತಪ್ಪಿತ್ತು. ಲಂಡನ್‌ನಲ್ಲಿ ನನ್ನ ಪಕ್ಕದಲ್ಲೇ ಓಡುತ್ತಿದ್ದ ಜೊತೆಗಾರ ಗ್ಯಾರಸ್, ಐದು ನಿಮಿಷದ ನಂತರ ಯಾವುದೋ ಕಾಡಿನ ಗ್ರಹದಲ್ಲಿ ಬಿದ್ದ ಹಡಗಿನಿಂದ ಆರಾಮಾಗಿ ಇಳಿದು ಬರುತ್ತಾನೆ. ಅಲ್ಲಿಗೆ ಹೇಗೆ ಹೋದ? ಯಾರೂ ಹೇಳಲಿಲ್ಲ. ಗ್ರಹದಿಂದ ಗ್ರಹಕ್ಕೆ ದಾರಿ ಮಾಡಿಕೊಡುವ ಮಾಸ್ ರಿಲೇಗಳು ಒಂದೊಂದಾಗಿ ಸಿಡಿಯುತ್ತವೆ. ರಿಲೇ ಸಿಡಿದರೆ ಸುತ್ತಲಿನ ಸೌರಮಂಡಲವೇ ಸುಟ್ಟುಹೋಗುತ್ತದೆ ಎಂದು ಎರಡನೇ ಗೇಮ್‌ನ 'ಅರೈವಲ್' ಡಿಎಲ್‌ಸಿಯಲ್ಲಿ (ಗೇಮ್ ಬಂದ ಮೇಲೆ ಇಳಿಸಿಕೊಳ್ಳುವ ಹೆಚ್ಚುವರಿ ಭಾಗ) ಬಯೋವೇರ್‌ನವರೇ ತೋರಿಸಿದ್ದರು. ಹಾಗಾದರೆ ನಾನು ಉಳಿಸಿದವರೆಲ್ಲ ಸತ್ತರಾ? ಆ ಪ್ರಶ್ನೆಗೆ ಉತ್ತರವಿಲ್ಲ. ಎಲ್ಲ ಮುಗಿದ ಮೇಲೆ ಪರದೆಯಲ್ಲಿ ಒಂದು ಚೌಕಟ್ಟು ಮೂಡಿತು. ಶೆಪರ್ಡ್ ದಂತಕಥೆಯಾಗಿದ್ದಾರೆ, ಆ ಕಥೆಯನ್ನು ಮುಂದೆ ಬರುವ ಡಿಎಲ್‌ಸಿಗಳಲ್ಲಿ ಬೆಳೆಸಿ ಎಂದು ಅದರಲ್ಲಿ ಬರೆದಿತ್ತು. ಐದು ವರ್ಷ ಜೊತೆಗಿದ್ದವರನ್ನು ಕಳೆದುಕೊಂಡು ಕೂತವರಿಗೆ ತೋರಿಸುವ ಮಾತಾ ಅದು?

ಈಗ "ಕಲೆ" ಎಂಬ ವಾದ ಬರುತ್ತದೆ. ಕಲೆಗಾರನ ಕೃತಿ, ಮುಟ್ಟಬೇಡಿ ಅನ್ನುತ್ತಾರೆ. ನಾನೂ ಗೇಮ್ ಕಲೆ ಎಂದೇ ನಂಬಿದವನು. ಆದರೆ ಗೇಮ್ ಬಿಡುಗಡೆಯ ದಿನ ಮುಗಿಯುವ ಕೆಲಸ ಅಲ್ಲ. ಇದೇ ಮಾಸ್ ಎಫೆಕ್ಟ್ 3ರಲ್ಲಿ ಹಲವರು ಸೇರಿ ಆಡುವ ಮಲ್ಟಿಪ್ಲೇಯರ್‌ನಲ್ಲಿ ಯಾವ ಬಂದೂಕು ಜಾಸ್ತಿ ಹೊಡೆಯುತ್ತದೆ, ಯಾವುದು ಕಮ್ಮಿ ಎಂದು ನೋಡಿ ವಾರವಾರ ತಿದ್ದುತ್ತಿದ್ದರು. ಹಳೆಯ ಸೇವ್‌ನಿಂದ ನಮ್ಮ ಶೆಪರ್ಡ್ ಮುಖ ಸರಿಯಾಗಿ ಬರುತ್ತಿಲ್ಲ ಎಂದು ದೂರಿದಾಗ ಪ್ಯಾಚ್, ಅಂದರೆ ತಪ್ಪು ತಿದ್ದುವ ಅಪ್‌ಡೇಟ್, ಬಿಟ್ಟರು. ಮುಖ ತಿದ್ದಬಹುದು, ಬಂದೂಕು ತಿದ್ದಬಹುದು, ಕಥೆ ಮಾತ್ರ ತಿದ್ದಬಾರದು ಅಂದರೆ ಕಥೆಯನ್ನು ಗೇಮ್‌ನ ಭಾಗ ಎಂದು ನೀವು ಒಪ್ಪುತ್ತಿಲ್ಲ ಎಂದೇ ಅರ್ಥ.

ತಿದ್ದಿ ಒಳ್ಳೆಯದಾದ ಉದಾಹರಣೆ ಇದಕ್ಕೂ ಮೊದಲೇ ಇತ್ತು. 2008ರ 'ಫಾಲ್‌ಔಟ್ 3'. ವಾಷಿಂಗ್ಟನ್‌ನ ಜೆಫರ್ಸನ್ ಸ್ಮಾರಕದಲ್ಲಿ ನೀರು ಶುದ್ಧ ಮಾಡುವ ಯಂತ್ರ ಇದೆ. ಅದನ್ನು ಚಾಲೂ ಮಾಡಲು ವಿಕಿರಣ ತುಂಬಿದ ಕೋಣೆಯೊಳಗೆ ಹೋಗಬೇಕು, ಹೋದವರು ಸಾಯುತ್ತಾರೆ. ನನ್ನ ಜೊತೆ ಫಾಕ್ಸ್ ಎಂಬ ಸೂಪರ್ ಮ್ಯೂಟೆಂಟ್ ಇದ್ದ. ವಿಕಿರಣ ಅವನಿಗೆ ಏನೂ ಮಾಡುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆಯಷ್ಟೇ ಅಂಥದ್ದೇ ಕೋಣೆಗೆ ನನಗೋಸ್ಕರ ಹೋಗಿ ಬಂದಿದ್ದ. ಈಗ ಹೋಗು ಅಂದರೆ, ಇದು ನಿನ್ನ ಹಣೆಬರಹ, ನಾನು ಅಡ್ಡ ಬರುವುದಿಲ್ಲ ಅನ್ನುತ್ತಾನೆ. ಇದರಲ್ಲಿ ದುರಂತ ಇಲ್ಲ. ಬರೆದವರು ಫಾಕ್ಸ್‌ನನ್ನು ಮರೆತಿದ್ದರು, ಅಷ್ಟೇ. 2009ರಲ್ಲಿ 'ಬ್ರೋಕನ್ ಸ್ಟೀಲ್' ಡಿಎಲ್‌ಸಿ ಬಂದ ಮೇಲೆ ಅವನನ್ನು ಕಳಿಸಬಹುದಾಯಿತು, ಕಥೆಯೂ ಮುಂದುವರಿಯಿತು. ಇವತ್ತು ಹಳೆಯ ಕೊನೆಯೇ ಚೆನ್ನಾಗಿತ್ತು ಎಂದು ವಾದಿಸುವವರನ್ನು ನಾನಂತೂ ಕಂಡಿಲ್ಲ.

ಈಗಿನ ಕಾಲಕ್ಕೆ ಬಂದರೆ 2023ರ 'ಬಾಲ್ಡರ್ಸ್ ಗೇಟ್ 3'. ಆಗಸ್ಟ್‌ನಲ್ಲಿ ಬಂತು. ಕಾರ್ಲಾಕ್ ಎಂಬ ಪಾತ್ರದ ಕೊನೆ ತುಂಬಾ ಅವಸರದಲ್ಲಿ ಮುಗಿಯಿತು ಎಂದು ಆಡಿದವರು ಹೇಳಿದರು. ಲೇರಿಯನ್ ಸ್ಟುಡಿಯೋ ಅದೇ ತಿಂಗಳ ಕೊನೆಯ ಪ್ಯಾಚ್‌ನಲ್ಲಿ ಅವಳಿಗೆ ಹೊಸ ದೃಶ್ಯ ಬರೆಯಿತು. ನವೆಂಬರ್‌ನಲ್ಲಿ ಇನ್ನೊಂದು ಪ್ಯಾಚ್ ಬಂತು. ಅದರಲ್ಲಿ ಎಲ್ಲ ಮುಗಿದು ಆರು ತಿಂಗಳಾದ ಮೇಲೆ ಹಳೆಯ ಜೊತೆಗಾರರೆಲ್ಲ ಮತ್ತೆ ಸೇರುವ ಒಂದು ಇಡೀ ರಾತ್ರಿಯನ್ನೇ ಸೇರಿಸಿದರು. ಲೇರಿಯನ್ ಸೋತಿತು ಎಂದು ಯಾರೂ ಅನ್ನಲಿಲ್ಲ. ಕಿವಿ ಇರುವ ಸ್ಟುಡಿಯೋ ಅಂದರು.

ಎಕ್ಸ್‌ಟೆಂಡೆಡ್ ಕಟ್ ಸುಮಾರು 2 ಜಿಬಿ ಇತ್ತು. ಆಗ ನಮ್ಮ ಕಡೆ ಮನೆಗಳಲ್ಲಿದ್ದ ಬ್ರಾಡ್‌ಬ್ಯಾಂಡ್‌ನಲ್ಲಿ ಅದನ್ನು ಇಳಿಸಲು ರಾತ್ರಿಯಿಡೀ ಹಿಡಿಯುತ್ತಿತ್ತು. ಆದರೂ ಇಳಿಸಿಕೊಂಡು ಕೊನೆಯ ಮಿಷನ್ ಮತ್ತೆ ಆಡಿದೆ. ಗ್ಯಾರಸ್ ಹಡಗು ಹತ್ತುವುದನ್ನು ಈ ಸಲ ತೋರಿಸಿದರು, ನಾನೇ ಅವನನ್ನು ಹತ್ತಿಸಿ ಕಳಿಸಿದೆ. ರಿಲೇಗಳು ಮುರಿದವು, ಆದರೆ ಗ್ರಹಗಳು ಉಳಿದವು. ಕ್ಯಾಟಲಿಸ್ಟ್ ಜೊತೆ ಇನ್ನಷ್ಟು ಮಾತಾಡಬಹುದಾಯಿತು. ಒಳ್ಳೆಯ ಕೊನೆ ಸಿಗಲು ಬೇಕಾದ, ಮಲ್ಟಿಪ್ಲೇಯರ್ ಆಡದವರಿಗೆ ಕೈಗೇ ಸಿಗದಷ್ಟು ಮೇಲಿಟ್ಟಿದ್ದ ಸೇನಾಬಲದ ಅಂಕವನ್ನೂ ಇಳಿಸಿದರು. ತುಚಾಂಕಾದಲ್ಲಿ ಕ್ರೋಗನ್ನರು ಊರು ಕಟ್ಟುತ್ತಿರುವ ಚಿತ್ರ ಬಂತು. ಆ ಹುಡುಗನ ತರ್ಕ ಮಾತ್ರ ಹಾಗೇ ಉಳಿಯಿತು. ನನಗೆ ಅದು ಇವತ್ತಿಗೂ ಒಪ್ಪಿಗೆ ಇಲ್ಲ. ನನ್ನನ್ನು ಕೇಳಿದರೆ ಬಯೋವೇರ್ ಇನ್ನೂ ಮುಂದೆ ಹೋಗಬೇಕಿತ್ತು. ರ‍್ಯಾನಕ್‌ನಲ್ಲಿ ಶಾಂತಿ ತಂದವರಿಗೆ ಅಲ್ಲಿ ನಿಂತು ವಾದಿಸುವ ಹಕ್ಕು ಕೊಡಬೇಕಿತ್ತು.

ವಿರೋಧ: ಬೇಡ, ಇದ್ದ ಹಾಗೇ ಇರಲಿ

ಮೇಲೆ ಬರೆದವರು ಪಟ್ಟಿ ಮಾಡಿದ ತಪ್ಪುಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಗ್ಯಾರಸ್ ಹಡಗಿಗೆ ಹೋದದ್ದು ಹೇಗೆ ಅನ್ನುವುದು ನಿಜವಾಗಿಯೂ ತಪ್ಪು. ಫಾಕ್ಸ್ ವಿಷಯವೂ ಅಷ್ಟೇ. ಅಂಥದ್ದನ್ನು ತಿದ್ದಲಿ, ಬೇಗ ತಿದ್ದಲಿ. ಆದರೆ 2012ರಲ್ಲಿ ಬಹಳ ಮಂದಿ ಕೇಳಿದ್ದು ಅಷ್ಟನ್ನೇ ಅಲ್ಲ. ಶೆಪರ್ಡ್ ಬದುಕಬೇಕು, ಪ್ರೀತಿಸಿದವರ ಜೊತೆ ಇರಬೇಕು, ಬೇರೆ ಎಂಡಿಂಗ್ ಕೊಡಿ, ಇದನ್ನು ತೆಗೆಯಿರಿ ಎಂದು ಕೇಳಿದರು. ಲೆಕ್ಕ ತಿದ್ದುವುದು ಬೇರೆ, ತೀರ್ಪು ತಿದ್ದಿಸುವುದು ಬೇರೆ. ನನ್ನ ತಕರಾರು ಎರಡನೆಯದರ ಬಗ್ಗೆ.

"ತೀರ್ಮಾನ ನಿನ್ನದು" ಎಂದು ಗೇಮ್ ಹೇಳಿತ್ತಲ್ಲ, ಅದಕ್ಕೆ ಕೊನೆಯೂ ನನ್ನದಾಗಬೇಕು ಅನ್ನುವ ವಾದ ನನಗೆ ಒಪ್ಪಿಗೆ ಇಲ್ಲ. ತಾಳಮದ್ದಳೆ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ವಾಲಿಯ ಅರ್ಥಧಾರಿ ಪಳಗಿದವನಾದರೆ ರಾಮನನ್ನು ಮಾತಿನಲ್ಲಿ ಕಟ್ಟಿಹಾಕುತ್ತಾನೆ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಎಂದು ಕೇಳಿದರೆ ಎದುರಿನವನಿಗೆ ಉತ್ತರ ಹೊಳೆಯದೆ ಹೋಗಬಹುದು. ಪ್ರತಿ ಊರಿನಲ್ಲಿ, ಪ್ರತಿ ರಾತ್ರಿ ಆ ಮಾತು ಬೇರೆ ಬೇರೆ. ವಾದದಲ್ಲಿ ವಾಲಿಯೇ ಗೆದ್ದ ಎಂದು ಜನ ಮಾತಾಡಿಕೊಂಡು ಹೋಗುತ್ತಾರೆ. ಆದರೂ ವಾಲಿ ಸಾಯುತ್ತಾನೆ. ಯಾರೂ ಎದ್ದು ನಿಂತು ಪ್ರಸಂಗ ಬದಲಿಸಿ ಅನ್ನುವುದಿಲ್ಲ. ಮಾಸ್ ಎಫೆಕ್ಟ್ ನನಗೆ ಕೊಟ್ಟ ಸ್ವಾತಂತ್ರ್ಯವೂ ಅಂಥದ್ದು. ನನ್ನ ಶೆಪರ್ಡ್ ಯಾರು, ಹೇಗೆ ಬದುಕಿದ, ಯಾರನ್ನು ಕೈಬಿಟ್ಟ ಎಂಬುದು ನನ್ನದು. ಕಥೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ಬರೆದವರದು.

ಗೇಮ್‌ಗಳು ಈ ಹಿಡಿತವನ್ನು ಬಿಡದೆ ಇದ್ದಾಗಲೇ ಅವು ನನ್ನ ಮನಸ್ಸಿನಲ್ಲಿ ನಿಂತಿವೆ. 2010ರ 'ರೆಡ್ ಡೆಡ್ ರಿಡೆಂಪ್ಷನ್' ತೆಗೆದುಕೊಳ್ಳಿ. ಜಾನ್ ಮಾರ್‌ಸ್ಟನ್ ಹಳೆಯ ಕಳ್ಳ. ಸರ್ಕಾರದವರು ಅವನ ಹೆಂಡತಿ-ಮಗನನ್ನು ಹಿಡಿದಿಟ್ಟುಕೊಂಡು, ಹಳೆಯ ಗೆಳೆಯರನ್ನು ಬೇಟೆಯಾಡಿಸುತ್ತಾರೆ. ಎಲ್ಲ ಮುಗಿಸಿ ಮನೆಗೆ ಬರುತ್ತಾನೆ. ಅಲ್ಲಿಂದ ಮುಂದೆ ಕೆಲವು ಮಿಷನ್ ದನ ಕಾಯುವುದು, ಮಗನಿಗೆ ಬೇಟೆ ಕಲಿಸುವುದು, ಕಾಗೆ ಓಡಿಸುವುದು. ನಿಧಾನ. ನಮಗೂ ಆ ಹೊಲ-ಮನೆ ಅಭ್ಯಾಸವಾಗುತ್ತದೆ. ಆಮೇಲೆ ಸೈನ್ಯ ಬರುತ್ತದೆ. ಹೆಂಡತಿ-ಮಗನನ್ನು ಕುದುರೆ ಹತ್ತಿಸಿ ಕಳಿಸಿ, ಜಾನ್ ಕೊಟ್ಟಿಗೆಯ ಬಾಗಿಲ ಸಂದಿಯಿಂದ ಹೊರಗೆ ನೋಡುತ್ತಾನೆ. ಸಾಲಾಗಿ ಬಂದೂಕು ಹಿಡಿದು ನಿಂತಿದ್ದಾರೆ. ಒಂದು ಉಸಿರು ಎಳೆದುಕೊಂಡು ಬಾಗಿಲು ತಳ್ಳುತ್ತಾನೆ.

ಆಗ 'ಡೆಡ್ ಐ' ತಾನಾಗಿ ಶುರುವಾಗುತ್ತದೆ. ಕಾಲ ನಿಧಾನವಾಗಿ, ಒಬ್ಬೊಬ್ಬರನ್ನೇ ಗುರಿಯಿಡುವ ಶಕ್ತಿ ಅದು. ಇಡೀ ಗೇಮ್‌ನಲ್ಲಿ ನಮ್ಮನ್ನು ಕಾಪಾಡಿದ್ದು ಅದೇ. ನಾನು ಬೇಗ ಬೇಗ ಗುರಿಯಿಟ್ಟೆ. ಎಷ್ಟು ಜನರನ್ನು ಹೊಡೆದರೂ ಸಾಲು ಮುಗಿಯುವುದಿಲ್ಲ. ಜಾನ್ ಸಾಯುತ್ತಾನೆ. ಆ ಕ್ಷಣದಲ್ಲಿ ಗೇಮ್ ನನ್ನ ಕೈಗೆ ಬಂದೂಕು ಕೊಟ್ಟಿದ್ದು ಗೆಲ್ಲಲಿ ಎಂದಲ್ಲ, ಗೆಲ್ಲಲಾಗದು ಎಂದು ಬೆರಳಿಗೇ ಗೊತ್ತಾಗಲಿ ಎಂದು. ಬರೀ ವಿಡಿಯೋ ತೋರಿಸಿದ್ದರೆ ಅಷ್ಟು ತಟ್ಟುತ್ತಿರಲಿಲ್ಲ. ಅವತ್ತು ಯಾರಾದರೂ ನನ್ನ ಹತ್ತಿರ ಬಂದು, ಜಾನ್ ಬದುಕುವ ಪ್ಯಾಚ್ ಬೇಕಾ ಎಂದು ಕೇಳಿದ್ದರೆ ಬೇಕು ಅಂತಲೇ ಹೇಳುತ್ತಿದ್ದೆ. ಅಷ್ಟು ನೋವಾಗಿತ್ತು. ಆ ಮಾತನ್ನು ಯಾರೂ ಕೇಳಿಸಿಕೊಳ್ಳದೆ ಹೋದದ್ದು ನನಗೇ ಒಳ್ಳೆಯದಾಯಿತು. ನೋವಾದವರನ್ನು ನೋವಾದ ದಿನವೇ ಕೇಳಬಾರದು.

'ದಿ ಲಾಸ್ಟ್ ಆಫ್ ಅಸ್' (2013) ಇನ್ನೂ ಕಠಿಣ. ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯಲ್ಲಿ 'ಎಲ್ಲಿ' (Ellie) ಎಂಬ ಹುಡುಗಿಯನ್ನು ಕೊಂದರೆ, ಜಗತ್ತನ್ನೇ ಹಾಳುಮಾಡಿದ ಸೋಂಕಿಗೆ ಲಸಿಕೆ ಸಿಗಬಹುದು. ಅವಳನ್ನು ಅಲ್ಲಿಯವರೆಗೆ ಕರೆತಂದ ಜೋಯಲ್ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ನನಗೆ ಅದು ಸರಿ ಅನ್ನಿಸಲಿಲ್ಲ. ಗೇಮ್ ನನ್ನ ಒಪ್ಪಿಗೆ ಕೇಳಲೂ ಇಲ್ಲ. ಆಪರೇಷನ್ ಕೋಣೆಯಲ್ಲಿ ಡಾಕ್ಟರ್ ಕತ್ತಿ ಹಿಡಿದು ಅಡ್ಡ ನಿಲ್ಲುತ್ತಾನೆ. ಅವನನ್ನು ಕೊಲ್ಲದೆ ಮುಂದೆ ಹೋಗಲು ದಾರಿಯಿಲ್ಲ. ಕೊನೆಗೆ ಆ ಹುಡುಗಿ ನಿಜ ಹೇಳು ಎಂದು ಆಣೆ ಇಡಿಸುತ್ತಾಳೆ, ಜೋಯಲ್ ಸುಳ್ಳು ಹೇಳುತ್ತಾನೆ, ಅವಳು "ಓಕೆ" ಅನ್ನುತ್ತಾಳೆ. ಮುಗಿಯಿತು. ಅಲ್ಲಿ ಮೂರು ಬಣ್ಣದ ಬಾಗಿಲು ಇಟ್ಟಿದ್ದರೆ ನಾನು ನನಗೆ ಬೇಕಾದ್ದನ್ನು ಆರಿಸಿ ನೆಮ್ಮದಿಯಾಗಿ ಮಲಗುತ್ತಿದ್ದೆ. ಜೋಯಲ್ ಯಾರು ಎಂದು ಯೋಚಿಸುವ ಗೋಜಿಗೇ ಹೋಗುತ್ತಿರಲಿಲ್ಲ.

2020ರಲ್ಲಿ ಅದರ ಎರಡನೇ ಭಾಗ ಬಂದಾಗ ಸಿಟ್ಟು ಎಲ್ಲಿಗೆ ಮುಟ್ಟಿತು ನೆನಪಿದೆಯಲ್ಲ. ಜೋಯಲ್‌ನನ್ನು ಕೊಲ್ಲುವ ಆ್ಯಬಿ ಪಾತ್ರಕ್ಕೆ ಧ್ವನಿ ಕೊಟ್ಟ ಲಾರಾ ಬೈಲಿ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಒಂದು ಪಾತ್ರಕ್ಕೆ ಧ್ವನಿ ಕೊಟ್ಟಿದ್ದಕ್ಕೆ! ಎಲ್ಲ ಸಿಟ್ಟೂ ಇಂಥದ್ದೇ ಅಂತ ನಾನು ಹೇಳುತ್ತಿಲ್ಲ. 2012ರಲ್ಲಿ ದಾನ ಎತ್ತಿದವರು, ಕಪ್‌ಕೇಕ್ ಕಳಿಸಿದವರು ಸಜ್ಜನರು. ಆದರೆ ಗಲಾಟೆ ಮಾಡಿದರೆ ಕಥೆ ಬದಲಾಗುತ್ತದೆ ಎಂದು ಒಮ್ಮೆ ತೋರಿಸಿಕೊಟ್ಟರೆ, ಮುಂದಿನ ಸಲ ಗಲಾಟೆಗೆ ಬರುವವರು ಸಜ್ಜನರೇ ಆಗಿರಬೇಕೆಂದಿಲ್ಲ. ನಾಟಿ ಡಾಗ್ ಸ್ಟುಡಿಯೋ ಬಗ್ಗಲಿಲ್ಲ. ನನಗೆ ಆ ಎರಡನೇ ಭಾಗದಲ್ಲಿ ಎಷ್ಟೋ ಸಂಗತಿ ಇಷ್ಟವಾಗಲಿಲ್ಲ, ಆದರೂ ಅವರು ಬಗ್ಗದೆ ಇದ್ದದ್ದಕ್ಕೆ ಗೌರವ ಇದೆ.

ಕೇಳುವವರು ಯಾರು ಎಂಬುದನ್ನೂ ನೋಡಬೇಕು. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಗೇಮ್ ಮುಗಿಸಿ ಮಾತಾಡುವವರು ಒಂದು ಗುಂಪು. ಪೂರ್ತಿ ಬೆಲೆ ಕೊಟ್ಟು ಮೊದಲ ದಿನವೇ ಕೊಂಡವರು. ನಮ್ಮಲ್ಲಿ ಬಹಳ ಮಂದಿ ಸೇಲ್ ಬರಲಿ, ಬೆಲೆ ಇಳಿಯಲಿ ಎಂದು ವರ್ಷಗಟ್ಟಲೆ ಕಾಯುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಬದಲಿಸುವ ತನಕ ಕಾಯುವವರೂ ಇದ್ದಾರೆ. ಅವರು ಗೇಮ್ ಶುರುಮಾಡುವ ಹೊತ್ತಿಗೆ ಕೊನೆ ಹೇಗಿರಬೇಕು ಎಂದು ಬೇರೆಯವರು ಗಲಾಟೆ ಮಾಡಿ ಗೊತ್ತುಮಾಡಿ ಆಗಿರುತ್ತದೆ. ಅವರ ಅಭಿಪ್ರಾಯ ಯಾರೂ ಕೇಳಿಲ್ಲ.

ಎಕ್ಸ್‌ಟೆಂಡೆಡ್ ಕಟ್ ಏನು ಕೊಟ್ಟಿತು, ಏನು ಕಸಿದುಕೊಂಡಿತು ಎಂದು ಈಗ ಹೇಳುತ್ತೇನೆ. ಮೊದಲ ಎಂಡಿಂಗ್ ಬಂದ ದಿನಗಳಲ್ಲಿ ಗೇಮರ್‌ಗಳು ಅದರ ಒಂದೊಂದು ಫ್ರೇಮ್ ನಿಲ್ಲಿಸಿ ಓದುತ್ತಿದ್ದರು. ಕೊನೆಯ ಭಾಗವೆಲ್ಲ ಶೆಪರ್ಡ್ ತಲೆಯೊಳಗೆ ನಡೆಯುತ್ತಿದೆ, ರೀಪರ್‌ಗಳು ಅವನ ಮನಸ್ಸನ್ನು ವಶಮಾಡಿಕೊಳ್ಳುತ್ತಿವೆ ಎಂಬ 'ಇಂಡಾಕ್ಟ್ರಿನೇಷನ್' ವಾದ ಹುಟ್ಟಿದ್ದೂ ಆಗಲೇ. ಕನಸಿನಲ್ಲಿ ಬರುತ್ತಿದ್ದ ಆ ಹುಡುಗ, ಮರಗಳ ಕಪ್ಪು ನೆರಳು, ಕಣ್ಣಂಚಿನಲ್ಲಿ ಹರಿದಾಡುವ ಕತ್ತಲು, ಎಲ್ಲವನ್ನೂ ಸಾಕ್ಷಿಯಾಗಿ ಜೋಡಿಸಿದರು. ಅದು ಸರಿಯೋ ತಪ್ಪೋ ಬೇರೆ ಮಾತು. ಒಂದು ಗೇಮ್‌ನ ಕೊನೆಯನ್ನು ಅಷ್ಟು ಜನ ಅಷ್ಟು ಆಳವಾಗಿ ಓದಿದ್ದನ್ನು ನಾನು ಮತ್ತೆ ನೋಡಿಲ್ಲ. ಎಕ್ಸ್‌ಟೆಂಡೆಡ್ ಕಟ್ ಬಂದು ಒಂದೊಂದು ಪ್ರಶ್ನೆಗೂ ಒಂದೊಂದು ಸ್ಲೈಡ್ ತೋರಿಸಿತು. ಕೆಳಗೆ ಒಂದು ಧ್ವನಿ, ಎಲ್ಲ ಸರಿಯಾಯಿತು, ಮತ್ತೆ ಕಟ್ಟೋಣ ಅಂದಿತು. ಅಲ್ಲಿಗೆ ಆ ಓದು ಬಹುಮಟ್ಟಿಗೆ ನಿಂತುಹೋಯಿತು.

ಅದರಲ್ಲಿ ನನಗೆ ಮನಸಾರೆ ಮೆಚ್ಚುಗೆಯಾದದ್ದು ಒಂದೇ, ನಾಲ್ಕನೇ ಎಂಡಿಂಗ್. ಮೂರೂ ಬೇಡ ಎಂದು ಶೆಪರ್ಡ್ ಹೇಳಬಹುದು, ಅಥವಾ ಆ ಹುಡುಗನಿಗೆ ಗುಂಡು ಹೊಡೆಯಬಹುದು. ಹಾಗೆ ಮಾಡಿದರೆ ಅದು ದಪ್ಪ ದನಿಯಲ್ಲಿ "ಹಾಗೇ ಆಗಲಿ" ಅನ್ನುತ್ತದೆ. ರೀಪರ್‌ಗಳು ಗೆಲ್ಲುತ್ತವೆ. ನಾವು ಸೇರಿಸಿದ ಸೈನ್ಯವೆಲ್ಲ ಸೋಲುತ್ತದೆ. ಜೊತೆಗಾರ್ತಿ ಲಿಯಾರಾ ಮುಂದಿನವರಿಗೆಂದು ಬಿಟ್ಟುಹೋದ ಎಚ್ಚರಿಕೆಯ ಸಂದೇಶ ಮಾತ್ರ ಉಳಿಯುತ್ತದೆ. ನಾವೆಲ್ಲ ಒಟ್ಟಾಗಿ ಹೊಡೆದಾಡಿ ಗೆಲ್ಲುವ ದಾರಿ ಬೇಕು ಎಂದು ಗೇಮರ್‌ಗಳು ಕೇಳಿದ್ದರು. ಹೊಡೆದಾಡಿ, ಆದರೆ ಗೆಲ್ಲುವುದಿಲ್ಲ ಎಂದು ಬಯೋವೇರ್ ಉತ್ತರ ಕೊಟ್ಟಿತು. ತಮ್ಮ ಕಥೆಯಲ್ಲಿ ಈ ಶತ್ರುವಿನ ಅಳತೆ ಎಷ್ಟು ಎಂದು ಅವರಿಗೆ ಗೊತ್ತಿತ್ತು. ಇಡೀ ಎಕ್ಸ್‌ಟೆಂಡೆಡ್ ಕಟ್‌ನಲ್ಲಿ ಬರೆದವರ ಗಟ್ಟಿ ದನಿ ಕೇಳಿಸಿದ್ದು ಅವರು ಇಲ್ಲ ಎಂದ ಆ ಒಂದು ಜಾಗದಲ್ಲಿ.

ಕಾರ್ಲಾಕ್ ಮಾತು ಬಂತು. ಅವಳ ಎದೆಯಲ್ಲಿ ಹೃದಯದ ಬದಲು ನರಕದ ಎಂಜಿನ್ ಉರಿಯುತ್ತಿರುತ್ತದೆ. ಅದನ್ನು ಸರಿಮಾಡಿ ಅವಳನ್ನು ಊರಿನಲ್ಲೇ ಉಳಿಸಿ ಎಂದು ಎಷ್ಟೋ ಜನ ಬೇಡಿಕೊಂಡರು. ಲೇರಿಯನ್ ಅದನ್ನು ಮಾಡಲಿಲ್ಲ. ತನ್ನ ರೂಪದಲ್ಲೇ ಇದ್ದರೆ ಉರಿದು ಸಾಯಬೇಕು, ಇಲ್ಲವೇ ಅವಳು ದ್ವೇಷಿಸುವ ಅವರ್ನಸ್ ಎಂಬ ನರಕಕ್ಕೇ ವಾಪಸ್ ಹೋಗಬೇಕು ಎಂಬುದು ಹಾಗೇ ಇದೆ. ಅವಸರದಲ್ಲಿ ಮುಗಿದಿದ್ದ ಅದೇ ಹಣೆಬರಹಕ್ಕೆ ಒಳ್ಳೆಯ ದೃಶ್ಯ ಬರೆದರು, ಅಷ್ಟೇ. ಹಾಗಾಗಿ ಆ ಉದಾಹರಣೆ ನನ್ನ ಕಡೆಗೇ ಬರುತ್ತದೆ.

ಬಯೋವೇರ್‌ಗೂ ಬೇರೆ ದಾರಿ ಇತ್ತು, ಅದು ಅವರಿಗೆ ತಡವಾಗಿ ಹೊಳೆಯಿತು. 2013ರ ಮಾರ್ಚ್‌ನಲ್ಲಿ 'ಸಿಟಾಡೆಲ್' ಡಿಎಲ್‌ಸಿ ಬಂತು. ಕೊನೆಯ ಯುದ್ಧಕ್ಕೆ ಮೊದಲು, ಶೆಪರ್ಡ್‌ಗೆ ಸಿಕ್ಕ ಒಂದು ಮನೆಯಲ್ಲಿ ಬದುಕಿರುವ ಜೊತೆಗಾರರೆಲ್ಲ ಸೇರಿ ಪಾರ್ಟಿ ಮಾಡುತ್ತಾರೆ. ಕುಡಿಯುತ್ತಾರೆ, ಒಬ್ಬರನ್ನೊಬ್ಬರು ಕಾಲೆಳೆಯುತ್ತಾರೆ, ಎಲ್ಲಿ ಬೇಕಾದಲ್ಲಿ ಮಲಗಿಬಿಡುತ್ತಾರೆ. ಬೆಳಿಗ್ಗೆ ಹಡಗಿನ ಎದುರು ನಿಂತು ಚೆನ್ನಾಗಿತ್ತು ಅಂದುಕೊಳ್ಳುತ್ತಾರೆ. ಎಂಡಿಂಗ್‌ನ ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಗೇಮರ್‌ಗಳಿಗೆ ನಿಜವಾಗಿ ಬೇಕಿದ್ದದ್ದು ಜೊತೆಗಾರರಿಗೆ ಒಂದು ಸರಿಯಾದ ವಿದಾಯ. ಅದು ಕೊನೆಯನ್ನು ಬದಲಿಸದೆಯೂ ಸಿಕ್ಕಿತು. 2012ರಲ್ಲೇ ಮೊದಲು ಇದನ್ನು ಮಾಡಿದ್ದರೆ ಇಷ್ಟು ವರ್ಷ ಈ ಜಗಳ ಎಳೆಯುತ್ತಿರಲಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನೊಂದು ನಷ್ಟ ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. 2021ರ ಮೇ ತಿಂಗಳಲ್ಲಿ ಮೂರೂ ಗೇಮ್ ಸೇರಿಸಿ 'ಲೆಜೆಂಡರಿ ಎಡಿಷನ್' ಬಿಟ್ಟರು. ಅದರಲ್ಲಿ ಇರುವುದು ಎಕ್ಸ್‌ಟೆಂಡೆಡ್ ಕಟ್ ಮಾತ್ರ. ಇವತ್ತು ಹೊಸದಾಗಿ ಆಡುವ ಹುಡುಗ-ಹುಡುಗಿಯರು ಕೊನೆ ನೋಡಿ, ಇದಕ್ಕೆ ಯಾಕೆ ಅಷ್ಟು ಗಲಾಟೆ ಎಂದು ಕೇಳುತ್ತಾರೆ. ಅವರು ನೋಡಿದ್ದು ಗಲಾಟೆಯಾದ ಎಂಡಿಂಗ್ ಅಲ್ಲವೇ ಅಲ್ಲ. ಅದನ್ನು ಆಡಿ ನೋಡಬೇಕೆಂದರೆ 2012ರ ಹಳೆಯ ಗೇಮ್ ಹುಡುಕಬೇಕು, ಇಲ್ಲವೇ ಯೂಟ್ಯೂಬ್‌ನಲ್ಲಿ ಯಾರೋ ಆಡಿದ್ದನ್ನು ನೋಡಬೇಕು. ಗೇಮ್‌ಗಳ ಚರಿತ್ರೆಯಲ್ಲಿ ಇಷ್ಟು ಚರ್ಚೆಯಾದ ಹತ್ತು ನಿಮಿಷ ಲೆಜೆಂಡರಿ ಎಡಿಷನ್‌ನಲ್ಲೇ ಇಲ್ಲ. ತಿದ್ದುವುದು ಅನಿವಾರ್ಯ ಎಂದು ಸ್ಟುಡಿಯೋಗಳಿಗೆ ಅನ್ನಿಸಿದರೆ ತಿದ್ದಲಿ. ಆದರೆ ಮೊದಲು ಬರೆದದ್ದನ್ನೂ ಮೆನುವಿನಲ್ಲಿ ಒಂದು ಆಯ್ಕೆಯಾಗಿ ಇಡಲಿ. ಎರಡನ್ನೂ ಆಡಿ, ಯಾವುದು ಒಳ್ಳೆಯದು ಎಂದು ಮುಂದೆ ಬರುವವರು ತಾವೇ ನೋಡಿಕೊಳ್ಳುತ್ತಾರೆ.